ನೆಟ್ ನಿಂತದ್ದು ಎಲ್ಲಿ?

ನಮ್ಮೂರು ನಾರಾವಿ. ಬೆಳ್ತಂಗಡಿ ತಾಲೂಕಿನ ಒಂದು ತುದಿಯ ಊರು. ಗುರುವಾಯನಕೆರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಸೂರ್ಯನಾರಾಯಣ ದೇವಸ್ಥಾನದ ಊರು ಅಂದರೆ ಸುತ್ತಲಿನವರಿಗೆಲ್ಲ ಗೊತ್ತು. ಒಂದು ಬದಿ ಅಡಿಕೆ ತೋಟ. ಇನ್ನೊಂದು ಬದಿ ಗುಡ್ಡೆ, ಕಾಡು. ಅದರ ಆಚೆ ಕುದುರೆಮುಖದ ಬೆಟ್ಟಗಳ ಸಾಲು. ಇಲ್ಲಿ ಮಳೆ ಜಾಸ್ತಿ. ಗಾಳಿ ಜಾಸ್ತಿ. ಸಿಡಿಲೂ ಜಾಸ್ತಿ.

ಇಂಥ ಊರುಗಳಿಗೂ ಈಗ ಇಂಟರ್‌ನೆಟ್ ಬಂದಿದೆ. ನಾವು ಅದನ್ನು ‘ನೆಟ್’ ಅಂತೀವಿ. ಕೆಲವು ಮನೆಗಳಲ್ಲಿ ಕಂಪ್ಯೂಟರ್ ಕೂಡ ಉಂಟು. ಹೊಸದಲ್ಲ, ಹಳೆಯದು. ಬೆಂಗಳೂರಲ್ಲಿ ಕೆಲಸ ಮಾಡುವ ಮಗ ಬಿಟ್ಟು ಹೋದದ್ದು. ಇಲ್ಲವೇ ಸಂಘದವರು ಕಡಿಮೆ ಬೆಲೆಗೆ ತಗೊಂಡದ್ದು.

ಈ ಹಳೆ ಕಂಪ್ಯೂಟರಿನಲ್ಲಿ ನಮಗೆ ಎಷ್ಟೋ ಕೆಲಸ ಉಂಟು. ಜಾಗದ ಪಹಣಿ ನೋಡಬೇಕು. ಮಗಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು. ಸಂಘದ ಲೆಕ್ಕ ಇಡಬೇಕು. ದೂರದ ಮಗನ ಮುಖ ನೋಡಿ ಮಾತಾಡಬೇಕು.

ಆದರೆ ಒಂದು ಕಷ್ಟ. ನೆಟ್ ಬರುತ್ತದೆ, ಹೋಗುತ್ತದೆ. ಹತ್ತು ನಿಮಿಷ ಇರುತ್ತದೆ, ಆಮೇಲೆ ಇಲ್ಲ. ಅರ್ಜಿ ಮುಕ್ಕಾಲು ತುಂಬಿಸಿದ ಹೊತ್ತಿಗೆ ನಿಲ್ಲುತ್ತದೆ. ಆಗ ಮನೆಯಲ್ಲಿ ಏನು ಹೇಳ್ತಾರೆ? “ನೀನು ಏನೋ ಒತ್ತಿದೆ, ಅದಕ್ಕೇ ಹೋಯ್ತು” ಅಂತಾರೆ. ಅಂಗಡಿಯವರು ಏನು ಹೇಳ್ತಾರೆ? “ಇದು ಹಳೇದು, ಹೊಸತು ತಗೊಳ್ಳಿ” ಅಂತಾರೆ.

ಎರಡೂ ಮಾತು ನಿಜ ಇರಬಹುದು. ಎರಡೂ ಸುಳ್ಳಿರಬಹುದು. ನೋಡದೆ ಹೇಳುವುದು ಹೇಗೆ? ಬನ್ನಿ, ನಾವೇ ನೋಡೋಣ.

ಕೊಡೆಯ ಕೆಳಗಿನ ಪಾಠ

2021ರ ಜೂನ್ ತಿಂಗಳು. ಕೊರೊನಾ ಕಾಲ. ಶಾಲೆಗಳು ಮುಚ್ಚಿದ್ದವು. ಪಾಠ ಮೊಬೈಲಿನಲ್ಲಿ ನಡೆಯುತ್ತಿತ್ತು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನಲ್ಲಿ ಬಳ್ಳಕ ಎಂಬ ಊರು ಉಂಟು. ಅಲ್ಲಿಯ ಒಬ್ಬ ಹುಡುಗಿಗೆ ಮನೆಯಲ್ಲಿ ನೆಟ್ ಸಿಗುತ್ತಿರಲಿಲ್ಲ. ಅವಳು ರಸ್ತೆ ಬದಿಗೆ ಬಂದು ಕೂತು ಪಾಠ ಕೇಳುತ್ತಿದ್ದಳು. ಮಳೆ ಸುರಿಯುತ್ತಿತ್ತು. ಅವಳ ತಂದೆ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರ ಪತ್ರಿಕೆಗಳಲ್ಲಿ ಬಂತು. ದೇಶವೆಲ್ಲ ನೋಡಿತು.

ಘಟ್ಟದ ಬುಡದ ಊರುಗಳಿಗೆಲ್ಲ ಆ ಚಿತ್ರ ಅರ್ಥ ಆಯಿತು. ನೆಟ್ ಇಲ್ಲದಿದ್ದರೆ ಬರೀ ಸಿನಿಮಾ ತಪ್ಪುವುದಲ್ಲ. ಪಾಠ ತಪ್ಪುತ್ತದೆ. ಅರ್ಜಿಯ ದಿನ ತಪ್ಪುತ್ತದೆ. ಹಕ್ಕಿನ ಹಣ ತಪ್ಪುತ್ತದೆ. ಅದಕ್ಕೇ ಇದು ಹೆಂಗಸರಿಗೆ ಬೇಡದ ವಿಷಯ ಅಲ್ಲ. ನಮಗೆ ಬೇಕಾದ ವಿಷಯ.

ನೆಟ್ ಹೇಗೆ ಬರುತ್ತದೆ?

ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆಗ ಅದು ಟೆಲಿಫೋನಿನ ತಂತಿಯಲ್ಲೇ ಬರುತ್ತಿತ್ತು. ನೆಟ್ ನೋಡುವಾಗ ಫೋನ್ ಮಾಡಲು ಆಗುತ್ತಿರಲಿಲ್ಲ. 2005ರಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಶುರು ಮಾಡಿತು. ಆಗ ಫೋನೂ ನೆಟ್ಟೂ ಒಟ್ಟಿಗೆ ನಡೆಯಿತು. ಅದು ತಾಮ್ರದ ತಂತಿ. 2011ರಲ್ಲಿ ಗ್ರಾಮ ಪಂಚಾಯತಿಗಳ ತನಕ ಗಾಜಿನ ಎಳೆ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಹಳ್ಳಿಯ ಎಷ್ಟೋ ಮನೆಗಳಿಗೂ ಗಾಜಿನ ಎಳೆಯೇ ಬರುತ್ತದೆ. ಇದನ್ನು ‘ಫೈಬರ್’ ಅಂತಾರೆ.

ಗಾಜಿನ ಎಳೆಯೇ? ಹೌದು. ಹೊರಗಿನ ಕಪ್ಪು ವಯರಿನ ಒಳಗೆ ತಲೆಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಉಂಟು. ಅದರಲ್ಲಿ ಕರೆಂಟು ಹೋಗುವುದಿಲ್ಲ. ಬೆಳಕು ಹೋಗುತ್ತದೆ. ಆ ಬೆಳಕು ಮಿಣಮಿಣ ಮಿನುಗುತ್ತದೆ. ಮಿನುಗಿನಲ್ಲೇ ಅಕ್ಷರ, ಚಿತ್ರ, ಮಾತು ಎಲ್ಲ ಅಡಗಿರುತ್ತದೆ. ಒಂದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ!

ಈ ಬೆಳಕು ನಮ್ಮ ಮನೆಯ ಒಂದು ಪೆಟ್ಟಿಗೆಗೆ ಬರುತ್ತದೆ. ಕೆಲವರು ಅದನ್ನು ಮೋಡೆಮ್ ಅಂತಾರೆ, ಕೆಲವರು ರೂಟರ್ ಅಂತಾರೆ. ನಾವು ಇಲ್ಲಿ ‘ನೆಟ್ ಪೆಟ್ಟಿಗೆ’ ಅನ್ನೋಣ. ಈ ಪೆಟ್ಟಿಗೆ ಬೆಳಕನ್ನು ಬದಲಿಸಿ ಗಾಳಿಯಲ್ಲಿ ಅಲೆಯಾಗಿ ಕಳಿಸುತ್ತದೆ. ಆ ಅಲೆಯೇ ವೈಫೈ. ಅದನ್ನು ನಮ್ಮ ಕಂಪ್ಯೂಟರ್ ಹಿಡಿಯುತ್ತದೆ.

ಗುಡ್ಡೆಯ ನೀರಿನ ಪೈಪು

ಗುಡ್ಡೆಯ ಒರತೆಯಿಂದ ಮನೆಗೆ ಪೈಪಿನಲ್ಲಿ ನೀರು ತರುವುದು ನಮಗೆಲ್ಲ ಗೊತ್ತು. ಒಂದು ದಿನ ನಳ್ಳಿಯಲ್ಲಿ ನೀರು ಬರುವುದಿಲ್ಲ. ಆಗ ನಾವು ಏನು ಮಾಡ್ತೇವೆ? ಹೊಸ ನಳ್ಳಿ ತರಲು ಪೇಟೆಗೆ ಓಡ್ತೇವಾ? ಇಲ್ಲ. ಮೊದಲು ನಳ್ಳಿ ನೋಡ್ತೇವೆ. ಆಮೇಲೆ ಅಂಗಳದ ಜೋಡಣೆ ಬಿಚ್ಚಿ ನೋಡ್ತೇವೆ. ಅಲ್ಲಿ ನೀರು ಉಂಟಾ? ಉಂಟಾದರೆ ಕೆಡುಕು ಈಚೆ ಕಡೆ. ಇಲ್ಲವಾದರೆ ಕೆಡುಕು ಆಚೆ ಕಡೆ. ಹಾಗೇ ಒಂದೊಂದೇ ಜೋಡಣೆ ನೋಡುತ್ತಾ ಗುಡ್ಡೆ ಹತ್ತುತ್ತೇವೆ. ಎಲ್ಲೋ ಒಂದು ಕಡೆ ಎಲೆ ಸಿಕ್ಕಿಕೊಂಡಿರುತ್ತದೆ. ಇಲ್ಲವೇ ಹಂದಿ ಪೈಪು ಕಿತ್ತಿರುತ್ತದೆ.

ನೆಟ್ಟಿನದೂ ಇದೇ ಲೆಕ್ಕ. ಅದರ ದಾರಿಯಲ್ಲಿ ಐದು ತುಂಡು ಉಂಟು.

1. ನಮ್ಮ ಕಂಪ್ಯೂಟರ್.
2. ಕಂಪ್ಯೂಟರಿನಿಂದ ನೆಟ್ ಪೆಟ್ಟಿಗೆ ತನಕದ ದಾರಿ. ಅಂದರೆ ವೈಫೈ.
3. ನೆಟ್ ಪೆಟ್ಟಿಗೆ.
4. ಮನೆಯಿಂದ ಕಂಪನಿಯ ಕಚೇರಿ ತನಕದ ಲೈನು.
5. ನಾವು ನೋಡಬೇಕಾದ ಪುಟ ಇರುವ ಕಂಪ್ಯೂಟರ್. ಅದು ಬೆಂಗಳೂರಲ್ಲೋ ಬೇರೆ ದೇಶದಲ್ಲೋ ಇರಬಹುದು. ಅದನ್ನು ‘ಸರ್ವರ್’ ಅಂತಾರೆ.

ಐದರಲ್ಲಿ ಒಂದು ಕೆಟ್ಟರೂ ಪರದೆಯ ಮೇಲೆ ಕಾಣುವುದು ಒಂದೇ. ‘ನೆಟ್ ಇಲ್ಲ.’ ಅದಕ್ಕೇ ನಮಗೆ ಗಲಿಬಿಲಿ. ಯಾವ ತುಂಡು ಕೆಟ್ಟಿದೆ ಅಂತ ಹುಡುಕುವುದೇ ನಮ್ಮ ಕೆಲಸ. ಹುಡುಕಿದರೆ ಅರ್ಧ ಗೆದ್ದ ಹಾಗೆ.

ಮೊದಲ ಪರೀಕ್ಷೆ: ದೀಪ ನೋಡಿ

ನೆಟ್ ಪೆಟ್ಟಿಗೆಯ ಮುಖದಲ್ಲಿ ಸಣ್ಣ ಸಣ್ಣ ದೀಪಗಳು ಇರುತ್ತವೆ. ಅವು ಮಾತಾಡುತ್ತವೆ. ಕೇಳಲು ನಾವು ಕಲಿಯಬೇಕು.

ಒಂದು ದೀಪವೂ ಉರಿಯುತ್ತಿಲ್ಲವೇ? ಪೆಟ್ಟಿಗೆಗೆ ಕರೆಂಟು ಬರುತ್ತಿಲ್ಲ. ಸ್ವಿಚ್ ನೋಡಿ. ಪ್ಲಗ್ ಸಡಿಲವೋ ನೋಡಿ. ಎಷ್ಟೋ ಸಲ ಇಷ್ಟೇ ಆಗಿರುತ್ತದೆ.

ಫೈಬರ್ ಪೆಟ್ಟಿಗೆಯಲ್ಲಿ ಒಂದು ದೀಪದ ಹತ್ತಿರ ಎಲ್, ಓ, ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತದೆ. ಈ ದೀಪ ಕೆಂಪಾಗಿ ಮಿನುಗಿದರೆ ಏನರ್ಥ? ಹೊರಗಿನಿಂದ ಬೆಳಕು ಬರುತ್ತಿಲ್ಲ ಅಂತ ಅರ್ಥ. ವಯರು ಪೆಟ್ಟಿಗೆಗೆ ಸರಿಯಾಗಿ ಸಿಕ್ಕಿಕೊಂಡಿದೆಯೋ ನೋಡಿ. ಅದು ಸರಿ ಇದ್ದರೆ ಕೆಡುಕು ನಾಲ್ಕನೇ ತುಂಡಿನಲ್ಲಿ. ಎಲ್ಲೋ ಲೈನು ಕಡಿದಿದೆ ಅಥವಾ ಮಡಚಿದೆ. ಆಗ ಕಂಪ್ಯೂಟರನ್ನು ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ. ಕಂಪನಿಗೆ ದೂರು ಕೊಡಬೇಕು.

ಇಂಗ್ಲಿಷ್ ಅಕ್ಷರ ಓದಲು ಬಾರದಿದ್ದರೆ? ಚಿಂತೆ ಬೇಡ. ನೆಟ್ ಚೆನ್ನಾಗಿ ಇರುವ ಒಂದು ದಿನ ದೀಪಗಳನ್ನು ನೋಡಿ. ಎಷ್ಟು ದೀಪ ಉರಿಯುತ್ತಿದೆ? ಯಾವ ಬಣ್ಣ? ಒಂದು ಚೀಟಿಯಲ್ಲಿ ಚಿತ್ರ ಬರೆಯಿರಿ. ಪೆಟ್ಟಿಗೆಯ ಪಕ್ಕದ ಗೋಡೆಗೆ ಅಂಟಿಸಿ. ನೆಟ್ ಹೋದ ದಿನ ಚಿತ್ರಕ್ಕೂ ಪೆಟ್ಟಿಗೆಗೂ ಹೋಲಿಸಿ ನೋಡಿ. ಯಾವುದು ಬದಲಾಗಿದೆ ಅಂತ ಕೂಡಲೇ ಗೊತ್ತಾಗುತ್ತದೆ.

ದೀಪ ಎಲ್ಲ ಸರಿ ಉಂಟು, ಆದರೂ ನೆಟ್ ಇಲ್ಲ. ಆಗ ಪೆಟ್ಟಿಗೆಯ ಸ್ವಿಚ್ ಆರಿಸಿ. ಒಂದು ನಿಮಿಷ ಕಾಯಿರಿ. ಮತ್ತೆ ಹಾಕಿ. ಐದು ನಿಮಿಷ ತಡೆಯಿರಿ. ಅದು ಎದ್ದು, ಕಚೇರಿಯ ಜೊತೆ ಮಾತಾಡಿ, ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು. ಬೇಗ ಬೇಗ ಆರಿಸಿ ಹಾಕಿ ಮಾಡಬೇಡಿ.

ಒಂದು ಎಚ್ಚರ. ಪೆಟ್ಟಿಗೆಯ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ಒಳಗೆ ಒಂದು ಗುಂಡಿ ಉಂಟು. ಅದನ್ನು ಒತ್ತಬೇಡಿ. ಒತ್ತಿ ಹಿಡಿದರೆ ಪೆಟ್ಟಿಗೆಯ ನೆನಪು ಎಲ್ಲ ಅಳಿಸಿ ಹೋಗುತ್ತದೆ. ಮತ್ತೆ ಕಂಪನಿಯವರೇ ಬಂದು ಸರಿ ಮಾಡಬೇಕಾಗಬಹುದು.

ಎರಡನೇ ಪರೀಕ್ಷೆ: ಮೊಬೈಲಿಗೆ ಬರುತ್ತದಾ?

ಇದು ಬಹಳ ಒಳ್ಳೆಯ ಪರೀಕ್ಷೆ. ಮೊಬೈಲನ್ನು ಅದೇ ವೈಫೈಗೆ ಸೇರಿಸಿ. ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟು ನೋಡಿ.

ಆದರೆ ಮೊದಲು ಒಂದು ಕೆಲಸ ಮಾಡಬೇಕು. ಮೊಬೈಲಿನ ಡೇಟಾ ಆರಿಸಬೇಕು. ಯಾಕೆ? ವೈಫೈ ಇಲ್ಲದಿದ್ದರೆ ಮೊಬೈಲು ಸುಮ್ಮನೆ ಸಿಮ್ಮಿನ ನೆಟ್ ತಗೊಳ್ಳುತ್ತದೆ. ನಾವು ವೈಫೈ ಸರಿ ಉಂಟು ಅಂತ ಮೋಸ ಹೋಗ್ತೇವೆ.

ಡೇಟಾ ಆರಿಸಿ ಆಯಿತಾ? ಈಗ ನೋಡಿ.

ಮೊಬೈಲಿಗೂ ಬರುವುದಿಲ್ಲ, ಕಂಪ್ಯೂಟರಿಗೂ ಬರುವುದಿಲ್ಲ. ಹಾಗಾದರೆ ಕೆಡುಕು ಪೆಟ್ಟಿಗೆಯಲ್ಲಿ ಅಥವಾ ಲೈನಿನಲ್ಲಿ. ಕಂಪ್ಯೂಟರ್ ಹಳೆಯದು ಅಂತ ಬೈಯಬೇಡಿ. ಅದರ ತಪ್ಪಿಲ್ಲ.

ಮೊಬೈಲಿಗೆ ಬರುತ್ತದೆ, ಕಂಪ್ಯೂಟರಿಗೆ ಮಾತ್ರ ಬರುವುದಿಲ್ಲ. ಹಾಗಾದರೆ ಲೈನು ಸರಿ ಉಂಟು. ಕೆಡುಕು ಕಂಪ್ಯೂಟರಿನಲ್ಲಿ. ಕಂಪನಿಯವರನ್ನು ಕರೆದು ಫಲ ಇಲ್ಲ.

ಎರಡಕ್ಕೂ ಬರುತ್ತದೆ, ಆದರೆ ಒಂದು ಪುಟ ಮಾತ್ರ ತೆರೆಯುವುದಿಲ್ಲ. ಹಾಗಾದರೆ ಕೆಡುಕು ಐದನೇ ತುಂಡಿನಲ್ಲಿ. ಅಂದರೆ ಸರ್ವರಿನಲ್ಲಿ.

2023ನ್ನು ನೆನಪು ಮಾಡಿಕೊಳ್ಳಿ. ಆ ವರ್ಷ ಜೂನ್ 18ರಂದು ಗೃಹಜ್ಯೋತಿ ಅರ್ಜಿ ಶುರುವಾಯಿತು. ಇಡೀ ರಾಜ್ಯದ ಜನ ಒಟ್ಟಿಗೆ ಅರ್ಜಿ ಹಾಕಲು ಹೊರಟರು. ಸರ್ವರ್ ಸುಸ್ತಾಯಿತು. ಪುಟ ತೆರೆಯಲಿಲ್ಲ. ಆಗ ನಮ್ಮ ಮನೆಯ ನೆಟ್ ಕೆಟ್ಟದ್ದಲ್ಲ. ನಮ್ಮ ಕೈಯ ತಪ್ಪೂ ಅಲ್ಲ. ಜಾತ್ರೆಯ ದಿನ ಒಂದೇ ಬಾಗಿಲಿನಲ್ಲಿ ಸಾವಿರ ಜನ ನುಗ್ಗಿದರೆ ಏನಾಗ್ತದೆ? ಹಾಗೇ ಆದದ್ದು. ಇಂಥ ಕೆಲಸಕ್ಕೆ ಬೆಳಿಗ್ಗೆ ಬೇಗ ಅಥವಾ ರಾತ್ರಿ ತಡವಾಗಿ ಕೂರುವುದು ಒಳ್ಳೆಯದು. ಕೊನೆಯ ದಿನದ ತನಕ ಕಾಯಬಾರದು.

ಮೂರನೇ ಪರೀಕ್ಷೆ: ಹತ್ತಿರ ತಂದು ನೋಡಿ

ವೈಫೈ ಗಾಳಿಯಲ್ಲಿ ಬರುವ ಅಲೆ. ದೂರ ಹೋದ ಹಾಗೆ ಅದರ ಶಕ್ತಿ ಕಡಿಮೆ ಆಗುತ್ತದೆ. ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ನಮ್ಮ ಕಡೆಯ ಮನೆಗಳ ಗೋಡೆ ಮುರಕಲ್ಲಿನದು. ದಪ್ಪ ಗೋಡೆ. ಎರಡು ಗೋಡೆ ದಾಟುವಷ್ಟರಲ್ಲಿ ವೈಫೈ ಸೋತು ಹೋಗುತ್ತದೆ. ಕಬ್ಬಿಣದ ಕಪಾಟು, ತಗಡಿನ ಶೀಟು, ನೀರಿನ ಟ್ಯಾಂಕಿ, ಇವೂ ಅದನ್ನು ತಡೆಯುತ್ತವೆ.

ಕಂಪ್ಯೂಟರನ್ನು ನೆಟ್ ಪೆಟ್ಟಿಗೆ ಇರುವ ಕೋಣೆಗೇ ತನ್ನಿ. ಅಲ್ಲಿ ಚೆನ್ನಾಗಿ ಬರುತ್ತದಾ? ಬಂದರೆ ಕೆಡುಕು ಎರಡನೇ ತುಂಡಿನಲ್ಲಿ. ಯಂತ್ರ ಬದಲಿಸುವುದು ಬೇಡ, ಜಾಗ ಬದಲಿಸಿದರೆ ಸಾಕು. ಪೆಟ್ಟಿಗೆಯನ್ನು ಮೂಲೆಯಲ್ಲಿ, ಕಪಾಟಿನ ಹಿಂದೆ ಇಡಬೇಡಿ. ಮನೆಯ ನಡುವೆ, ಎತ್ತರದಲ್ಲಿ ಇಡಿಸಿ. ಆದರೆ ನೀವೇ ಫೈಬರ್ ವಯರನ್ನು ಎಳೆಯಬೇಡಿ. ಗಾಜಿನ ಎಳೆ ಬಳೆಯ ಹಾಗೆ. ಚೂಪಾಗಿ ಮಡಚಿದರೆ ಮುರಿಯುತ್ತದೆ.

ಇನ್ನೊಂದು ಉಪಾಯ ಉಂಟು. ಕಂಪ್ಯೂಟರಿಗೂ ಪೆಟ್ಟಿಗೆಗೂ ನಡುವೆ ವಯರು ಹಾಕಬಹುದು. ಇದಕ್ಕೆ ‘ಲ್ಯಾನ್ ಕೇಬಲ್’ ಅಂತಾರೆ. ಹಳೆ ಕಂಪ್ಯೂಟರಿಗೆ ಇದು ಬಹಳ ಒಳ್ಳೆಯದು. ಹಳೆಯ ಕಂಪ್ಯೂಟರಿನ ವೈಫೈ ಭಾಗ ಬಲಹೀನ ಇರುತ್ತದೆ. ಆದರೆ ವಯರು ಹಾಕುವ ತೂತು ಗಟ್ಟಿ ಇರುತ್ತದೆ. ವಯರು ಹಾಕಿದಾಗ ನೆಟ್ ನಿಲ್ಲದೆ ಬಂದರೆ ಆ ಕಂಪ್ಯೂಟರಿಗೆ ಇನ್ನೂ ಆಯುಸ್ಸು ಉಂಟು.

ಕೆಲವು ಪೆಟ್ಟಿಗೆಗಳು ಎರಡು ವೈಫೈ ಹೆಸರು ತೋರಿಸುತ್ತವೆ. ಒಂದರ ಕೊನೆಯಲ್ಲಿ ‘5ಜಿ’ ಅಂತ ಇರುತ್ತದೆ. ಇದು ಮೊಬೈಲಿನ 5ಜಿ ಅಲ್ಲ, ಬೇರೆ. ಇದು ವೇಗದ ಅಲೆ, ಆದರೆ ಗೋಡೆ ದಾಟಲು ಕಷ್ಟ. ತುಂಬ ಹಳೆಯ ಕಂಪ್ಯೂಟರುಗಳಿಗೆ ಆ ಹೆಸರು ಕಾಣುವುದೇ ಇಲ್ಲ. ಅಂಥವು ಇನ್ನೊಂದು ಹೆಸರಿಗೇ ಸೇರಬೇಕು.

ನಾಲ್ಕನೇ ಪರೀಕ್ಷೆ: ಕಂಪ್ಯೂಟರನ್ನೇ ನೋಡಿ

ಮೊಬೈಲಿಗೆ ನೆಟ್ ಬರುತ್ತದೆ. ಹತ್ತಿರ ತಂದರೂ ಕಂಪ್ಯೂಟರಿಗೆ ಬರುವುದಿಲ್ಲ. ಹಾಗಾದರೆ ಈ ನಾಲ್ಕು ವಿಷಯ ನೋಡಿ.

ಒಂದು, ತಾರೀಕು. ಪರದೆಯ ಕೆಳಗೆ ಬಲಗಡೆ ತಾರೀಕು, ಸಮಯ ಇರುತ್ತದೆ. ಅದು ಸರಿ ಉಂಟಾ? ಹಳೆ ಕಂಪ್ಯೂಟರಿನಲ್ಲಿ ಇದು ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸಬಹುದು. ಒಳಗೆ ನಾಣ್ಯದ ಹಾಗಿನ ಒಂದು ಸಣ್ಣ ಬ್ಯಾಟರಿ ಉಂಟು. ಕಂಪ್ಯೂಟರ್ ಆರಿಸಿದ ಮೇಲೂ ಗಡಿಯಾರ ನಡೆಸುವುದು ಅದರ ಕೆಲಸ. ವರ್ಷಗಳ ಮೇಲೆ ಅದು ಸಾಯುತ್ತದೆ. ಆಗ ಗಡಿಯಾರ ಹಿಂದೆ ಹೋಗುತ್ತದೆ.

ತಾರೀಕಿಗೂ ನೆಟ್ಟಿಗೂ ಏನು ಸಂಬಂಧ? ಸಂಬಂಧ ಉಂಟು. ಬ್ಯಾಂಕಿನ ಪುಟ, ಸರ್ಕಾರದ ಪುಟ ತೆರೆಯುವಾಗ ಕಂಪ್ಯೂಟರ್ ಆ ಪುಟದ ಗುರುತುಚೀಟಿ ನೋಡುತ್ತದೆ. ಗುರುತುಚೀಟಿಯಲ್ಲಿ ‘ಈ ದಿನದಿಂದ ಈ ದಿನದ ತನಕ’ ಅಂತ ಇರುತ್ತದೆ. ನಮ್ಮ ಕಂಪ್ಯೂಟರಿನ ತಾರೀಕೇ ತಪ್ಪಾದರೆ ಗುರುತುಚೀಟಿ ಸರಿ ಇಲ್ಲ ಅಂತ ತಿಳಿಯುತ್ತದೆ. ಪುಟ ತೆರೆಯುವುದಿಲ್ಲ. ತಾರೀಕು ಸರಿ ಮಾಡಿದರೆ ಪುಟ ತೆರೆಯುತ್ತದೆ. ಮತ್ತೆ ಮತ್ತೆ ತಾರೀಕು ತಪ್ಪಿದರೆ ಆ ಬ್ಯಾಟರಿ ಬದಲಿಸಬೇಕು. ಅದಕ್ಕೆ ಬೆಲೆ ಕಡಿಮೆ. ಹಳೆ ಬ್ಯಾಟರಿ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಪ್ರಾಣಕ್ಕೇ ಅಪಾಯ.

ಎರಡು, ನಿದ್ದೆ. ಸುಮ್ಮನೆ ಇಟ್ಟ ಹತ್ತು ನಿಮಿಷಕ್ಕೆ ನೆಟ್ ಹೋಗುತ್ತದಾ? ಕರೆಂಟು ಉಳಿಸಲು ಕಂಪ್ಯೂಟರ್ ವೈಫೈ ಭಾಗವನ್ನು ಮಲಗಿಸುತ್ತಿರಬಹುದು. ಹಳೆ ಯಂತ್ರಗಳಲ್ಲಿ ಅದು ಮತ್ತೆ ಸರಿಯಾಗಿ ಏಳುವುದಿಲ್ಲ. ತಿಳಿದವರ ಹತ್ತಿರ ‘ವೈಫೈಯ ಪವರ್ ಸೇವಿಂಗ್ ತೆಗೆಯಿರಿ’ ಅಂತ ಹೇಳಿ. ಎರಡು ನಿಮಿಷದ ಕೆಲಸ.

ಮೂರು, ಭಾರ. ಒಂದೇ ಸಲ ಹತ್ತು ಪುಟ ತೆರೆದಿಡಬೇಡಿ. ಹಳೆ ಕಂಪ್ಯೂಟರಿನ ತಲೆಯಲ್ಲಿ ಜಾಗ ಕಡಿಮೆ. ಅದು ಉಸಿರು ಕಟ್ಟಿ ನಿಂತದ್ದನ್ನು ನಾವು ನೆಟ್ ಹೋಯಿತು ಅಂತ ತಿಳೀತೇವೆ. ಬೇಡದ ಪುಟ ಮುಚ್ಚಿ. ದಿನಕ್ಕೊಮ್ಮೆ ಪೂರ್ತಿ ಆರಿಸಿ.

ನಾಲ್ಕು, ವಯಸ್ಸು. ಕಂಪ್ಯೂಟರ್ ನಡೆಸುವ ವಿಂಡೋಸ್ ಎಂಬ ವ್ಯವಸ್ಥೆ ಉಂಟು. ಅದರ 7ನೇ ಆವೃತ್ತಿಗೆ ಬೆಂಬಲ ನಿಂತದ್ದು 2020ರ ಜನವರಿಯಲ್ಲಿ. 10ನೇ ಆವೃತ್ತಿಗೆ ಸಾಮಾನ್ಯ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಬೆಂಬಲ ನಿಂತರೆ ಕಂಪ್ಯೂಟರ್ ನಿಲ್ಲುವುದಿಲ್ಲ. ಆದರೆ ಹೊಸ ಹೊಸ ಪುಟಗಳು ತೆರೆಯಲು ಕಷ್ಟ. ಕಳ್ಳರಿಗೆ ಬಾಗಿಲೂ ತೆರೆದ ಹಾಗೆ. ಇಂಥದರಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ.

ಹಾಗಂತ ಎಸೆಯಬೇಕಾ? ಬೇಡ. ‘ಲಿನಕ್ಸ್’ ಎಂಬ ಉಚಿತ ವ್ಯವಸ್ಥೆ ಉಂಟು. ಅದರಲ್ಲಿ ಹಗುರದ ಬಗೆಗಳಿವೆ. ಹಳೆ ಕಂಪ್ಯೂಟರಿನಲ್ಲೂ ನಡೆಯುತ್ತವೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಅದರಲ್ಲೇ. ತಿಳಿದವರಿಂದ ಹಾಕಿಸಿಕೊಳ್ಳಬಹುದು. ಹಾಕಿಸುವ ಮೊದಲು ಫೋಟೋ, ಲೆಕ್ಕ, ಕಾಗದಗಳನ್ನು ಬೇರೆ ಕಡೆ ತೆಗೆದಿಡಿಸಿ.

ಮಳೆ, ಸಿಡಿಲು, ಕರೆಂಟು

ನಮ್ಮ ಊರಿನ ನೆಟ್ಟಿಗೆ ದೊಡ್ಡ ವೈರಿ ಮಳೆಗಾಲ. ಮರದ ಗೆಲ್ಲು ಬಿದ್ದು ಲೈನು ಕಡಿಯುತ್ತದೆ. ಜೋಡಣೆಯ ಒಳಗೆ ನೀರು ಹೋಗುತ್ತದೆ. ಅಳಿಲು, ಹೆಗ್ಗಣ ವಯರು ಕಚ್ಚುತ್ತವೆ. ಮಳೆ ಬಂದಾಗಲೆಲ್ಲ ನೆಟ್ ಹೋದರೆ, ಬಿಸಿಲು ಬಂದಾಗ ಸರಿಯಾದರೆ, ಹೊರಗಿನ ಜೋಡಣೆ ಒದ್ದೆ ಆಗುತ್ತಿರಬಹುದು. ದೂರು ಕೊಡುವಾಗ ಈ ಮಾತು ಹೇಳಿ. ಕೆಲಸದವರಿಗೆ ಹುಡುಕಲು ಸುಲಭ.

ಮನೆಯಲ್ಲಿ ಕರೆಂಟು ಇದ್ದರೂ ನೆಟ್ ಇಲ್ಲದಿರಬಹುದು. ದಾರಿಯಲ್ಲಿರುವ ಕಂಪನಿಯ ಯಂತ್ರಕ್ಕೂ ಕರೆಂಟು ಬೇಕು. ಅಲ್ಲಿಯ ಬ್ಯಾಟರಿ ಮುಗಿದರೆ ಊರಿಗೇ ನೆಟ್ ಇಲ್ಲ. ಆಗ ನೆರೆಮನೆಯವರನ್ನು ಕೇಳಿ. ಅವರಿಗೂ ಅದೇ ಕಂಪನಿಯ ಲೈನಾ? ಅವರಿಗೂ ಇಲ್ಲವಾ? ಹಾಗಾದರೆ ನಮ್ಮ ಮನೆಯ ಕೆಡುಕಲ್ಲ.

ಸಂಜೆ ಕರೆಂಟು ಮಂದ ಆದಾಗ ನೆಟ್ ಪೆಟ್ಟಿಗೆ ಆರಿ ಆರಿ ಹತ್ತಬಹುದು. ಪೆಟ್ಟಿಗೆಗೆಂದೇ ಸಣ್ಣ ಬ್ಯಾಟರಿ ಸಿಗುತ್ತದೆ. ಅದನ್ನು ಇಟ್ಟರೆ ಕರೆಂಟು ಹೋದರೂ ಸ್ವಲ್ಪ ಹೊತ್ತು ನೆಟ್ ಇರುತ್ತದೆ.

ಸಿಡಿಲಿನ ವಿಷಯದಲ್ಲಿ ಬಹಳ ಎಚ್ಚರ ಬೇಕು. ಮಳೆಗಾಲದ ಮೊದಲೂ, ಮಳೆಗಾಲದ ಕೊನೆಗೂ ನಮ್ಮಲ್ಲಿ ಗುಡುಗು ಸಿಡಿಲು ಹೆಚ್ಚು. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಕಂಪ್ಯೂಟರಿನದು, ಪೆಟ್ಟಿಗೆಯದು, ಎರಡನ್ನೂ ಕಿತ್ತಿಡಿ. ತಾಮ್ರದ ಫೋನ್ ತಂತಿ ಇದ್ದರೆ ಅದನ್ನೂ ಬಿಡಿಸಿ. ಗುಡುಗು ಶುರುವಾದ ಮೇಲೆ ವಯರು ಮುಟ್ಟಲು ಹೋಗಬೇಡಿ. ಕಂಪ್ಯೂಟರಿಗಿಂತ ಜೀವ ದೊಡ್ಡದು.

ಫೈಬರ್ ಕಡಿದು ಬಿದ್ದಿದ್ದರೆ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಬೇಡಿ. ಅದರೊಳಗಿನ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಕೆಟ್ಟದ್ದು. ಮುರಿದ ಗಾಜಿನ ಚೂರು ಕೈಗೂ ಚುಚ್ಚುತ್ತದೆ.

ಬರೆದಿಟ್ಟದ್ದಕ್ಕೆ ಬೆಲೆ ಉಂಟು

ಬಂದು ಹೋಗುವ ಕೆಡುಕನ್ನು ಹಿಡಿಯುವುದು ಕಷ್ಟ. ಕೆಲಸದವರು ಬಂದಾಗ ಸರಿ ಇರುತ್ತದೆ. ಅವರು ಹೋದ ಮೇಲೆ ಮತ್ತೆ ಹೋಗುತ್ತದೆ. “ಏನೂ ಆಗಿಲ್ಲ ಅಲ್ಲಾ ಅಕ್ಕ” ಅಂತಾರೆ. ಇದಕ್ಕೆ ಮದ್ದು ಒಂದು ಪುಸ್ತಕ, ಒಂದು ಪೆನ್ನು. ಅಕ್ಷರ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನೆಟ್ ಹೋದಾಗಲೆಲ್ಲ ಬರೆಯಿರಿ. ಹೀಗೆ:

ಸೋಮವಾರ ಸಂಜೆ 7 ಗಂಟೆ. ಕೆಂಪು ದೀಪ ಇಲ್ಲ. ಮೊಬೈಲಿಗೆ ಬಂತು. ಕಂಪ್ಯೂಟರಿಗೆ ಬರಲಿಲ್ಲ.
ಮಂಗಳವಾರ ಮಧ್ಯಾಹ್ನ 3 ಗಂಟೆ. ಜೋರು ಮಳೆ. ಕೆಂಪು ದೀಪ ಮಿನುಗಿತು. ಎರಡಕ್ಕೂ ಬರಲಿಲ್ಲ.
ಗುರುವಾರ ಬೆಳಿಗ್ಗೆ 11 ಗಂಟೆ. ಮಳೆ. ಮತ್ತೆ ಕೆಂಪು ದೀಪ.

ಒಂದು ವಾರ ಬರೆದರೆ ಸಾಕು. ಈಗ ಓದಿ ನೋಡಿ. ಇಲ್ಲಿ ಒಂದಲ್ಲ, ಎರಡು ಕೆಡುಕು ಉಂಟು! ಸೋಮವಾರದ್ದು ಕಂಪ್ಯೂಟರಿನದು. ಮಂಗಳವಾರ, ಗುರುವಾರದ್ದು ಲೈನಿನದು. ಒಂದನ್ನು ಮಾತ್ರ ಸರಿ ಮಾಡಿದರೆ ಕಷ್ಟ ತೀರುವುದಿಲ್ಲ. ಬರೆಯದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ದೂರು ಕೊಟ್ಟಾಗ ಕಂಪನಿಯವರು ಒಂದು ನಂಬರು ಕೊಡಬೇಕು. ಅದು ದೂರಿನ ನಂಬರು. ಕೇಳಿ ಪಡೆಯಿರಿ. ತಾರೀಕಿನ ಜೊತೆ ಬರೆದಿಡಿ. ದೂರು ತೀರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೇಳಬಹುದು. ಇದು 2012ರಿಂದ ಇರುವ ನಿಯಮ. ಗ್ರಾಹಕರ ಸಹಾಯವಾಣಿಗೂ ಫೋನ್ ಮಾಡಬಹುದು. ಅದರ ನಂಬರು 1915. ನಾವು ತಿಂಗಳು ತಿಂಗಳು ಹಣ ಕಟ್ಟುತ್ತೇವೆ. ಕೇಳುವುದು ನಮ್ಮ ಹಕ್ಕು.

ಕಳ್ಳರ ಬಗ್ಗೆ ಒಂದು ಮಾತು

ನೆಟ್ ಕೆಟ್ಟು ನಾವು ಕಂಗಾಲಾದಾಗಲೇ ಕಳ್ಳರು ಬರುತ್ತಾರೆ. ಪರದೆಯ ತುಂಬ ಕೆಂಪು ಬರಹ ಬರಬಹುದು. “ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ” ಅಂತ ಇರಬಹುದು. ಕರೆ ಮಾಡಬೇಡಿ. ಕಂಪ್ಯೂಟರ್ ಆರಿಸಿ. ಯಾರೋ ಫೋನ್ ಮಾಡಿ “ನಿಮ್ಮ ನೆಟ್ ಸರಿ ಮಾಡ್ತೇವೆ, ಈ ಆ್ಯಪ್ ಹಾಕಿ” ಅನ್ನಬಹುದು. ಹಾಕಬೇಡಿ. ಆ ಆ್ಯಪ್ ಹಾಕಿದರೆ ದೂರ ಕೂತವರು ನಮ್ಮ ಯಂತ್ರದೊಳಗೆ ಕೈ ಹಾಕಬಹುದು. ಓ.ಟಿ.ಪಿ. ಯಾರಿಗೂ ಹೇಳಬೇಡಿ. ಹಣ ಹೋದರೆ ತಡ ಮಾಡದೆ 1930 ನಂಬರಿಗೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯಲು ಅವಕಾಶ ಹೆಚ್ಚು.

ಹಾಗಾದರೆ ಏನು ಮಾಡೋಣ?

ನೆಟ್ ನಿಂತರೆ ನಾವು ಮೂರು ಕೆಲಸ ಮಾಡಬಾರದು. ಗಾಬರಿ ಆಗಬಾರದು. ಕಂಡದ್ದೆಲ್ಲ ಒತ್ತಬಾರದು. ನೋಡುವ ಮೊದಲೇ ಹಣ ಖರ್ಚು ಮಾಡಬಾರದು.

ಮೂರು ಕೆಲಸ ಮಾಡಬೇಕು. ದೀಪ ನೋಡಬೇಕು. ಮೊಬೈಲಿಗೆ ಬರುತ್ತದಾ ನೋಡಬೇಕು. ನೋಡಿದ್ದನ್ನು ಬರೆಯಬೇಕು.

ಇಷ್ಟು ಮಾಡಿದರೆ ಕೆಡುಕು ಯಾವ ತುಂಡಿನಲ್ಲಿ ಉಂಟು ಅಂತ ಸುಮಾರಾಗಿ ಗೊತ್ತಾಗುತ್ತದೆ. ಸರಿ ಮಾಡಲು ಬೇರೆಯವರೇ ಬೇಕಾಗಬಹುದು. ಪರವಾಗಿಲ್ಲ. ಪೈಪು ಒಡೆದಾಗ ಬೆಸುಗೆಗೆ ಬೇರೆಯವರನ್ನು ಕರೆಯುವುದಿಲ್ಲವೇ? ಆದರೆ ಒಡೆದದ್ದು ಎಲ್ಲಿ ಅಂತ ತೋರಿಸುವವರು ನಾವು. ತೋರಿಸಲು ಬಂದವರನ್ನು ಯಾರೂ ಸುಲಭವಾಗಿ ಮೋಸ ಮಾಡಲಾರರು. “ನೀನು ಏನೋ ಒತ್ತಿದೆ” ಅಂತ ಬಾಯಿ ಮುಚ್ಚಿಸಲೂ ಆಗುವುದಿಲ್ಲ.

ಹೊಸ ಪದಗಳು

ಫೈಬರ್ – ಬೆಳಕು ಸಾಗಿಸುವ ಗಾಜಿನ ಎಳೆ
ರೂಟರ್ – ಮನೆಯ ನೆಟ್ ಪೆಟ್ಟಿಗೆ
ವೈಫೈ – ವಯರು ಇಲ್ಲದೆ ನೆಟ್ ತರುವ ಅಲೆ
ಲ್ಯಾನ್ ಕೇಬಲ್ – ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವಿನ ವಯರು
ಸರ್ವರ್ – ನಾವು ನೋಡುವ ಪುಟ ಇರುವ ದೂರದ ಕಂಪ್ಯೂಟರ್

ಓದಿ, ಉತ್ತರ ಹೇಳಿ

1. ನೆಟ್ಟಿನ ದಾರಿಯಲ್ಲಿ ಎಷ್ಟು ತುಂಡು ಉಂಟು? ಯಾವುವು?
2. ಮೊಬೈಲಿಗೆ ನೆಟ್ ಬರುತ್ತದೆ, ಕಂಪ್ಯೂಟರಿಗೆ ಬರುವುದಿಲ್ಲ. ಕೆಡುಕು ಎಲ್ಲಿ?
3. ಪರೀಕ್ಷೆ ಮಾಡುವ ಮೊದಲು ಮೊಬೈಲಿನ ಡೇಟಾ ಯಾಕೆ ಆರಿಸಬೇಕು?
4. ಕಂಪ್ಯೂಟರಿನ ತಾರೀಕು ತಪ್ಪಾದರೆ ಏನಾಗುತ್ತದೆ?
5. ಸಿಡಿಲಿನ ದಿನ ನಾವು ಏನು ಮಾಡಬೇಕು?

ಸೇರಿ ಮಾತಾಡಿ

ನಿಮ್ಮ ಊರಿನಲ್ಲಿ ನೆಟ್ ಯಾವ ತಿಂಗಳಲ್ಲಿ ಹೆಚ್ಚು ಕೈಕೊಡುತ್ತದೆ? ಎಷ್ಟು ಮನೆಗಳಿಗೆ ಕಷ್ಟ ಆಗುತ್ತದೆ? ಒಂದು ವಾರ ಎಲ್ಲರೂ ಬರೆದಿಡಿ. ಸಂಘದ ಸಭೆಯಲ್ಲಿ ಓದಿ. ಎಲ್ಲರದೂ ಒಂದೇ ಲೈನಿನ ಕೆಡುಕಾದರೆ ಒಬ್ಬೊಬ್ಬರೇ ಹೋಗಬೇಡಿ. ಎಲ್ಲರೂ ಸೇರಿ ಒಂದು ಅರ್ಜಿ ಬರೆಯಿರಿ. ಕೆಳಗೆ ನಿಮ್ಮ ಕೈಯಿಂದಲೇ ಸಹಿ ಹಾಕಿ.